ಅಲ್ಲಾಡುವ ಇಂಜಿನ್ನೂ ಅಕ್ಕನ ಮಗನೂ

ಓಡುತ್ತಿರುವಷ್ಟು ಹೊತ್ತು ಕಾರು ಮಾಲೀಕನ ಸ್ವತ್ತು. ಬಾನೆಟ್ ಎತ್ತಿ ನಿಂತ ಕ್ಷಣದಿಂದ ಬೀದಿಯ ಸ್ವತ್ತು. ಹನುಮಂತನಗರದಂಥ ಹಳೆಯ ಬಡಾವಣೆಯಲ್ಲಂತೂ ಬಾನೆಟ್ಟು ಕಿರ್ರೆಂದರೆ ಸಾಕು, ವಾಕಿಂಗ್ ಮುಗಿಸಿ ಬರುವವರು, ಹಾಲಿನ ಪ್ಯಾಕೆಟ್ ಹಿಡಿದವರು, ಇಸ್ತ್ರಿ ಗಾಡಿಯವನು, ಎಲ್ಲರೂ ನಿಂತು ಒಳಗೆ ಇಣುಕಿ, "ಬ್ಯಾಟರಿ ಇರಬೇಕು" ಎಂದು ಹೇಳಿಯೇ ಮುಂದೆ ಹೋಗುತ್ತಾರೆ. ಬ್ಯಾಟರಿ ಸರಿಯಾಗಿದೆ ಎಂದರೆ, "ಹಾಗಾದರೆ ಪ್ಲಗ್ಗು." ಪ್ಲಗ್ಗೂ ಅಲ್ಲವೆಂದರೆ ಅನುಮಾನ ಕಾರು ಓಡಿಸುವವನ ಮೇಲೆ ತಿರುಗುತ್ತದೆ. ಇಂಥ ಬೀದಿಯಲ್ಲಿ, ನಿಂತುಹೋಗದೆ ಇರುವ ಕಾರಿನ ಬಾನೆಟ್ಟನ್ನು ಬೇಕೆಂದೇ ಎತ್ತಿ, ಹುಟ್ಟುವಾಗ ಅದಕ್ಕೆ ಇಲ್ಲದಿದ್ದ ಒಂದು ಅಂಗವನ್ನು ಜೋಡಿಸಲು ಹೊರಟರೆ ಎಷ್ಟು ಜನ ಸೇರಬಹುದು, ಊಹಿಸಿಕೊಳ್ಳಿ. ಆ ಅಂಗದ ಹೆಸರು ಟಾರ್ಕ್ ಡ್ಯಾಂಪರ್.

ನಮ್ಮದು ಹಳೆಯ ಸಣ್ಣ ಕಾರು. ಕಂಪನಿಯ ಹೆಸರು ಬೇಡ. ಅದನ್ನು ಆರಿಸಿಕೊಟ್ಟವರು ನಮ್ಮ ಮಾವನವರು. ಕಂಪನಿಯವರಿಗಿಂತ ಮೊದಲು ಅವರು ನೊಂದುಕೊಳ್ಳುತ್ತಾರೆ. ವಯಸ್ಸಿಗೆ ತಕ್ಕ ನಡುಕ ಅದಕ್ಕೆ ಬಂದಿತ್ತು. ಮೊದಲನೇ ಗೇರಿನಲ್ಲಿ ಕ್ಲಚ್ ಬಿಟ್ಟರೆ ಒಳಗೆಲ್ಲೋ 'ಧಡ್' ಎನ್ನುವುದು. ಆಕ್ಸಿಲರೇಟರ್ ಒತ್ತಿದರೆ ಗೇರ್ ರಾಡು ತಾನಾಗಿಯೇ ಒಂದಿಷ್ಟು ವಾಲುವುದು, ಕಾಲು ತೆಗೆದರೆ ಮರಳಿ ಬರುವುದು. ಡ್ಯಾಶ್‌ಬೋರ್ಡಿನ ಮೇಲೆ, ಕಡಲೆಕಾಯಿ ಪರಿಷೆಯಲ್ಲಿ ಕೊಂಡ, ಸ್ಪ್ರಿಂಗ್ ಕತ್ತಿನ ನಾಯಿಬೊಂಬೆಯೊಂದಿದೆ. ಗೇರ್ ಬದಲಾದಾಗಲೆಲ್ಲ ಅದು ತಲೆಯಾಡಿಸುತ್ತಿತ್ತು. ನನ್ನ ಹೆಂಡತಿ ನಮ್ಮ ವಾದಗಳಲ್ಲಿ ಅದನ್ನೇ ಸಾಕ್ಷಿಗೆ ಕರೆಯುತ್ತಿದ್ದಳು. ಎರಡನೇ ಗೇರು ಬೀಳುವ ಹೊತ್ತು ನೋಡಿಕೊಂಡು, "ನಿಮ್ಮ ಅಕ್ಕನ ಮನೆಯವರು ಹೇಳಿದ ಹೊತ್ತಿಗೆ ಯಾವತ್ತಾದ್ರೂ ಬಂದದ್ದುಂಟಾ? ಇಲ್ಲ ಅಲ್ವಾ?" ಎನ್ನುವಳು. ನಾಯಿ ಹೌದು ಹೌದು ಎನ್ನುವುದು. ಹೀಗಿರುವಾಗ ಆ ನಡುಕವನ್ನು ನಿಲ್ಲಿಸಬೇಕೆಂಬ ಆತುರ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಇದು ಕಾಯಿಲೆ ಎಂದು ಮೊದಲು ಹೇಳಿದವನು ಅಕ್ಕನ ಮಗ. ಹಗಲು ಸಾಫ್ಟ್‌ವೇರು, ರಾತ್ರಿ ಕಾರಿನ ವಿಡಿಯೊ, ಭಾನುವಾರ ನೆಂಟರ ಕಾರು, ಇದು ಅವನ ದಿನಚರಿ. ತನ್ನ ಕಾರಿಗೆ ಮಾಡಬಹುದಾದದ್ದೆಲ್ಲ ಮಾಡಿ ಮುಗಿಸಿದ್ದರಿಂದ ಬೇರೆಯವರ ಕಾರಿನ ಮೇಲೆ ಅವನಿಗೆ ಕರುಣೆ ಉಕ್ಕುತ್ತಿರುತ್ತದೆ. ತಿಂಡಿಗೆ ಬಂದವನು ಕೈ ತೊಳೆಯುವ ಮೊದಲೇ ಬಾನೆಟ್ ಎತ್ತಿಸಿದ. ನನ್ನನ್ನು ಸೀಟಿನಲ್ಲಿ ಕೂರಿಸಿ, ಬ್ರೇಕ್ ಬಲವಾಗಿ ಒತ್ತಿಕೊಂಡು, ಮೊದಲನೇ ಗೇರಿನಲ್ಲಿ ಕ್ಲಚ್ಚನ್ನು ಒಂದು ಎಳೆ ಮಾತ್ರ ಬಿಡಲು ಹೇಳಿದ; ಆಮೇಲೆ ರಿವರ್ಸಿನಲ್ಲಿ ಹಾಗೆಯೇ. "ಎದುರಿಗೆ ಯಾರೂ ನಿಲ್ಲಬೇಡಿ" ಎಂದು ಸೇರಿದವರಿಗೆಲ್ಲ ಎಚ್ಚರಿಸಿ, ತಾನೂ ಪಕ್ಕಕ್ಕೆ ಸರಿದು ನಿಂತ. ಮೊದಲನೇ ಗೇರಿನಲ್ಲಿ ಇಂಜಿನ್ನು ಹಿಂದಕ್ಕೆ ವಾಲಿತಂತೆ, ರಿವರ್ಸಿನಲ್ಲಿ ಮುಂದಕ್ಕೆ ಬಾಗಿತಂತೆ. ನನಗೆ ಕಂಡದ್ದು ಎತ್ತಿದ ಬಾನೆಟ್ಟು ಮಾತ್ರ.

"ನೋಡಿದ್ರಾ ಮಾಮ? ನೀವು ಕೊಡೋ ಪವರೆಲ್ಲ ಇಂಜಿನ್ ಅಲ್ಲಾಡೋದ್ರಲ್ಲೇ ಖರ್ಚಾಗ್ತಿದೆ" ಎಂದ.

"ಖರ್ಚಾಗಲ್ಲ ಕಣೋ, ತಡವಾಗುತ್ತೆ" ಎಂದರು ಎದುರುಮನೆಯ ರಾಯರು. ಎಚ್‌ಎಂಟಿಯ ಟೂಲ್‌ರೂಮಿನಲ್ಲಿದ್ದು ನಿವೃತ್ತರಾದವರು. ಪೇಪರು ಓದುತ್ತಿದ್ದವರು ಯಾವಾಗ ಗೇಟು ದಾಟಿ ಬಂದರೋ ತಿಳಿಯದು.

ರಾಯರು ಹೇಳಿದ್ದೇ ಸರಿ. ಇಂಜಿನ್ನು ಮೊದಲು ತಾನು ವಾಲಿ, ವಾಲಿಕೆ ಮುಗಿದ ಮೇಲೆ ಕಾರನ್ನು ತಳ್ಳುತ್ತದೆ; ನಮಗೆ ತಟ್ಟುವ ಜರ್ಕು ಆ ಗಳಿಗೆಯದು. 1687ರಲ್ಲಿ ನ್ಯೂಟನ್ ತನ್ನ ಮೂರನೆಯ ನಿಯಮವನ್ನು ಅಚ್ಚು ಹಾಕಿಸಿದಾಗಲೇ ನಮ್ಮ ಕಾರಿನ ಜಾತಕವನ್ನೂ ಬರೆದಾಗಿತ್ತು: ಇಂಜಿನ್ನು ಚಕ್ರವನ್ನು ಮುಂದಕ್ಕೆ ತಿರುಗಿಸಿದರೆ, ಚಕ್ರವು ಇಂಜಿನ್ನನ್ನು ಹಿಂದಕ್ಕೆ ತಿರುಗಿಸಲು ನೋಡುತ್ತದೆ. ಲೆಕ್ಕ ಸುಲಭವಾಗಲಿ ಎಂದು ಇಂಜಿನ್ನಿನ ತಿರುಚುಬಲ 100 ನ್ಯೂಟನ್ ಮೀಟರ್ ಎಂದಿಟ್ಟುಕೊಳ್ಳಿ. ಮೊದಲನೇ ಗೇರು ಅದನ್ನು ಮೂರೂವರೆ ಪಟ್ಟು ಮಾಡುತ್ತದೆ, ಕೊನೆಯ ಹಲ್ಲುಚಕ್ರ ಅದರ ನಾಲ್ಕು ಪಟ್ಟು. ಚಕ್ರ ತಲುಪುವ ಹೊತ್ತಿಗೆ 1400. ಒಂದು ಮೀಟರ್ ಉದ್ದದ ಸಲಾಕೆಯ ತುದಿಗೆ ಸುಮಾರು 140 ಕಿಲೋ ತೂಗಿಬಿಟ್ಟಷ್ಟು. ಅಷ್ಟೂ ಬಲ ಇಂಜಿನ್ನನ್ನು ಮಗುಚಿ ಹಾಕಲು ನೋಡುತ್ತಿರುವಾಗ ಅದನ್ನು ಹಿಡಿದು ಕೂರಿಸಿರುವುದು ಮೂರೋ ನಾಲ್ಕೋ ರಬ್ಬರ್ ಮೌಂಟಿಂಗು.

ಅಂಬಾಸಿಡರಿಗೂ ಪದ್ಮಿನಿಗೂ ಈ ಬಗೆಯ ಕಷ್ಟ ಇರಲಿಲ್ಲ. ಅವುಗಳ ಇಂಜಿನ್ನು ಉದ್ದುದ್ದಕ್ಕೆ ಮಲಗಿತ್ತು. ಕೊನೆಯ ಹಲ್ಲುಚಕ್ರವಿದ್ದದ್ದು ಹಿಂದಿನ ಆಕ್ಸಲಿನಲ್ಲಿ. ಆ ನಾಲ್ಕು ಪಟ್ಟಿನ ಹೊರೆ ಹಿಂದೆಯೇ ಉಳಿಯುತ್ತಿತ್ತು, ಇಂಜಿನ್ನಿನ ಮೌಂಟಿಂಗಿಗೆ ಬರುತ್ತಿರಲಿಲ್ಲ. ಇಂಜಿನ್ನನ್ನು ಅಡ್ಡ ಮಲಗಿಸಿ ಮುಂದಿನ ಚಕ್ರಕ್ಕೆ ಕೆಲಸ ಕೊಡುವ ಪದ್ಧತಿಗೆ ಹೆಸರು ತಂದವನು ಬ್ರಿಟನ್ನಿನ ಅಲೆಕ್ ಇಸಿಗೊನಿಸ್. 1959ರ ಅವನ ಮಿನಿ ಕಾರಿನ ಉದ್ದ ಹತ್ತಡಿ. ಅಷ್ಟರಲ್ಲೇ ನಾಲ್ಕು ಜನ ಕೂರಬೇಕಾದ್ದರಿಂದ 848 ಸಿಸಿಯ ಇಂಜಿನ್ನನ್ನು ಅಡ್ಡ ಇಟ್ಟು, ಗೇರ್‌ಬಾಕ್ಸನ್ನು ಅದರ ಅಡಿಯ ಆಯಿಲ್ ಚೇಂಬರಿನೊಳಗೇ ತುರುಕಿದ. ಜಾಗವೇನೋ ಉಳಿಯಿತು, ಇಂಜಿನ್ನು ತೂಗತೊಡಗಿತು. ಅದು ತೂಗದಿರಲಿ ಎಂದು ಮೇಲ್ಗಡೆ ಒಂದು ಸರಳು, ಸರಳಿನ ಎರಡು ತುದಿಗೆ ರಬ್ಬರ್ ಬುಷ್. ಆ ಬುಷ್ ಸವೆದರೆ ಕಾರು ಹೊರಡುವಾಗಲೆಲ್ಲ ಗಡಗಡ ನಡುಗುತ್ತದೆ. ಹಳೆಯ ಮಿನಿ ಸಾಕಿದವರು ಇವತ್ತಿಗೂ ಆ ಬುಷ್ ಬದಲಿಸುತ್ತಲೇ ಇದ್ದಾರೆ. ಫಿಯೆಟ್‌ನ ದಾಂತೆ ಜಕೋಸ ಗೇರ್‌ಬಾಕ್ಸನ್ನು ಅಡಿಯಿಂದ ತೆಗೆದು ಇಂಜಿನ್ನಿನ ಪಕ್ಕಕ್ಕೆ ಜೋಡಿಸಿದ. ಕೈಕೊಟ್ಟರೆ ದೊಡ್ಡ ಹೆಸರಿಗೆ ಮಸಿ ಬೇಡವೆಂದು ಫಿಯೆಟ್‌ನವರು ಅದನ್ನು 1964ರಲ್ಲಿ ಆಟೊಬಿಯಾಂಕಿ ಪ್ರಿಮುಲ ಎಂಬ ಹೆಸರಿನಲ್ಲಿ ಹೊರಗೆ ಬಿಟ್ಟರು. ಕೈಕೊಡಲಿಲ್ಲ, ಇಂದಿನ ಸಣ್ಣ ಕಾರುಗಳು ಬಹುಪಾಲು ಆ ಮನೆತನದವೇ. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿಯವರು ಮೊದಲ ಮಾರುತಿ 800ರ ಕೀಲಿಕೈ ಕೊಟ್ಟರಲ್ಲ, ಅದರಲ್ಲಿದ್ದ ಮೂರು ಸಿಲಿಂಡರಿನ 796 ಸಿಸಿ ಇಂಜಿನ್ನು ಮಲಗಿದ್ದೂ ಅಡ್ಡಡ್ಡವೇ. ಅಲ್ಲಿಂದೀಚೆಗೆ ನಮ್ಮ ಮಧ್ಯಮವರ್ಗದ ಸವಾರಿಯೆಲ್ಲ ಹಿಂದೆ ಮುಂದೆ ತೂಗುವ ಇಂಜಿನ್ನಿನ ಬೆನ್ನಮೇಲೆ.

ಈ ಇತಿಹಾಸವೆಲ್ಲ ನನಗೆ ತಿಳಿದದ್ದು, ಅಕ್ಕನ ಮಗ ಈ ಕಾಯಿಲೆಗೆ ಬರೆದ ಔಷಧಿಯಾದ ಟಾರ್ಕ್ ಡ್ಯಾಂಪರನ್ನು ಹುಡುಕಿಕೊಂಡು ಜೆ.ಸಿ. ರೋಡಿಗೆ ಹೋಗುವ ದಾರಿಯಲ್ಲಿ. ಅಕ್ಕನ ಮಗ ಡ್ರೈವ್ ಮಾಡುತ್ತ ಉಪನ್ಯಾಸ ಕೊಡುತ್ತಾನೆ. ಸಿಗ್ನಲ್ ಬಿದ್ದರೆ ಮಾತ್ರ ಉಸಿರು.

ಜೆ.ಸಿ. ರೋಡಿನ ಒಂದು ತುದಿಗೆ ಮಿನರ್ವ ಸರ್ಕಲ್, ಇನ್ನೊಂದು ತುದಿಗೆ ಟೌನ್‌ಹಾಲ್. ಟೌನ್‌ಹಾಲಿನ ಕಡೆಗೆ ರವೀಂದ್ರ ಕಲಾಕ್ಷೇತ್ರವಿದೆ. ಅಲ್ಲಿ ನಾಟಕಕ್ಕೆ ಟಿಕೆಟು, ರಸ್ತೆಯಲ್ಲಿ ಪುಕ್ಕಟೆ. ಕಾರು ನಿಧಾನವಾದರೆ ಸಾಕು, ಹುಡುಗರು ಪಕ್ಕದಲ್ಲೇ ಓಡುತ್ತ "ಸೀಟ್ ಕವರ್ ಸಾರ್? ಮ್ಯಾಟ್? ಹಾರ್ನ್? ರಿವರ್ಸ್ ಕ್ಯಾಮೆರಾ?" ಎಂದು ಕಿಟಕಿ ತಟ್ಟುತ್ತಾರೆ. ಆ ರಸ್ತೆಯ ವ್ಯಾಪಾರಿಗಳ ಬಾಯಲ್ಲಿ 'ಇಲ್ಲ' ಎಂಬ ಶಬ್ದ ಬರುವುದಿಲ್ಲ. ಮೊದಲ ಅಂಗಡಿಯಲ್ಲಿ ಟಾರ್ಕ್ ಡ್ಯಾಂಪರ್ ಇದೆಯೇ ಎಂದು ಕೇಳಿದೆವು.

"ಯಾವ ಗಾಡಿ ಸಾರ್?"

ಹೇಳಿದೆವು. "ಇದೆ" ಎಂದವನು ಅಟ್ಟ ಹತ್ತಿ, ಡಿಕ್ಕಿಯ ಬಾಗಿಲನ್ನು ಎತ್ತಿ ಹಿಡಿಯುವ ಗ್ಯಾಸ್ ರಾಡನ್ನು ಧೂಳು ಕೊಡವಿ ತಂದ. "ಇದು ತಳ್ಳುತ್ತೆ, ನಮಗೆ ಬೇಕಾಗಿರೋದು ತಡೆಯೋದು" ಎಂದ ಅಕ್ಕನ ಮಗ. "ಉಲ್ಟಾ ಹಾಕಿದ್ರೆ ತಡೆಯುತ್ತೆ ಸಾರ್" ಎಂದ ಅಂಗಡಿಯವನು. ಎರಡನೆಯವನು ಸ್ಪ್ರಿಂಗಿನ ಸುರುಳಿಯ ನಡುವೆ ಸಿಕ್ಕಿಸುವ ರಬ್ಬರ್ ಬಫರ್ ಕೊಟ್ಟು, ಅದರ ಇನ್ನೊಂದು ಹೆಸರೇ ಟಾರ್ಕ್ ಡ್ಯಾಂಪರ್ ಎಂದು ಪ್ರಮಾಣ ಮಾಡಿದ. ಮೂರನೆಯವನು ವಯಸ್ಸಾದವನು, ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದವನು, ನಮ್ಮ ಕಾರನ್ನು ಒಮ್ಮೆ ನೋಡಿ, "ಅದೆಲ್ಲ ಯಾಕೆ ಸಾರ್? ಒಳ್ಳೇ ಸೀಟ್ ಕವರ್ ಹಾಕಿಸಿ, ಅಲ್ಲಾಡಿದ್ರೂ ಗೊತ್ತಾಗಲ್ಲ" ಎಂದ. ಆ ದಿನ ಕೇಳಿದ ಸಲಹೆಗಳಲ್ಲಿ ನನಗೆ ಹಿಡಿಸಿದ್ದು ಅದೊಂದೇ.

ಕೊನೆಗೆ ಅಕ್ಕನ ಮಗ ಪರದೇಶದಿಂದ ತರಿಸುವುದೆಂದು ತೀರ್ಮಾನ ಮಾಡಿದ. ಸಾಮಾನು ನಿಜವಾಗಿ ಸರಳವಾದದ್ದು: ಒಂದು ಪುಟ್ಟ ಶಾಕ್ ಅಬ್ಸಾರ್ಬರ್. ಒಂದು ತುದಿ ಇಂಜಿನ್ನಿಗೆ, ಇನ್ನೊಂದು ತುದಿ ಕಾರಿನ ಬಾಡಿಗೆ. ಒಳಗೆ ಎಣ್ಣೆ, ಎಣ್ಣೆಯೊಳಗೆ ಸಣ್ಣ ತೂತುಗಳಿರುವ ಪಿಸ್ಟನ್. ಮೆಲ್ಲಗೆ ಎಳೆದರೆ ಎಣ್ಣೆ ತೂತಿನಿಂದ ನುಸುಳಿ ದಾರಿ ಬಿಡುತ್ತದೆ. ಜೋರಾಗಿ ಎಳೆದರೆ ನುಸುಳಲಾರದೆ ಸೆಟೆದು ನಿಲ್ಲುತ್ತದೆ. ತಾಲ್ಲೂಕು ಕಚೇರಿಯ ಹಳೆಯ ಗುಮಾಸ್ತರ ಸ್ವಭಾವವೇ: ತಾಳ್ಮೆಯಿಂದ ಹೋದವನಿಗೆ ಫೈಲು ಸರಿಯುತ್ತದೆ, "ಅರ್ಜೆಂಟು" ಎಂದವನಿಗೆ ಅಲ್ಲಾಡುವುದಿಲ್ಲ.

ಸಾಮಾನು ಬರುವುದಕ್ಕೆ ಹೊತ್ತಿತ್ತು. ಅಷ್ಟರೊಳಗೆ ಒಮ್ಮೆ ತೋರಿಸಿಬಿಡೋಣ ಎಂದು ಕಲಾಸಿಪಾಳ್ಯದ ಓಣಿಯೊಂದರಲ್ಲಿರುವ ನಮ್ಮ ಮಾಮೂಲಿ ಮೆಕ್ಯಾನಿಕ್ ಭಾಯ್ ಹತ್ತಿರ ಹೋದೆ. ಜೊತೆಗೆ ಹೆಂಡತಿಯ ಅಣ್ಣ ಇದ್ದರು. ಸುಳ್ಯದ ಕಡೆ ತೋಟ. ಮದುವೆಯೊಂದಕ್ಕೆ ಬಂದವರು, ಹಲಸಿನ ಹಪ್ಪಳದ ಕಟ್ಟು ಇಳಿಸಿ, ಮಾಡಲು ಬೇರೆ ಕೆಲಸವಿಲ್ಲದೆ ನನ್ನೊಡನೆ ಹೊರಟಿದ್ದರು. ನಾನು ಅವರನ್ನು ಭಾವ ಎನ್ನುತ್ತೇನೆ, ಅವರೂ ನನ್ನನ್ನು ಭಾವ ಎನ್ನುತ್ತಾರೆ.

ಭಾಯ್ ಡ್ಯಾಂಪರಿನ ಕಥೆಯನ್ನು ಪೂರ್ತಿ ಕೇಳಿ, "ಅದು ಆಮೇಲೆ ಸಾರ್, ಮೊದಲು ಮೌಂಟಿಂಗ್ ನೋಡೋಣ" ಎಂದ. ಚೇಂಬರಿನ ಅಡಿಗೆ ಮರದ ಹಲಗೆ ಕೊಟ್ಟು ಜಾಕಿಯಲ್ಲಿ ಇಂಜಿನ್ನನ್ನು ಎರಡು ಬೆರಳಿನಷ್ಟು ಎತ್ತಿದ. ಬೋಲ್ಟು ಬಿಚ್ಚಿ ಹೊರಗೆ ತೆಗೆದಾಗ ಮೌಂಟಿಂಗು ಎರಡಾಗಿ ಕೈಗೆ ಬಂತು, ಕಬ್ಬಿಣ ಬೇರೆ, ರಬ್ಬರು ಬೇರೆ. ರಬ್ಬರಿನ ತುಂಬ ಬಿರುಕು. ಮೇಲೆ ಎಂದೋ ಸೋರಿದ ಆಯಿಲಿನ ಕರಿ.

"ನೋಡಿ ಸಾರ್. ಇಂಜಿನ್ ಅಲ್ಲಾಡದೆ ಇನ್ನೇನು ಮಾಡುತ್ತೆ?"

ಭಾವ ಆ ರಬ್ಬರ್ ತುಂಡನ್ನು ತೆಗೆದುಕೊಂಡು ಉಗುರಿನಿಂದ ಕೆರೆದರು, ಮೂಸಿದರು. ಮುಖದಲ್ಲಿ ನಿಜವಾದ ನೋವು ಕಂಡಿತು. "ಎಂತ ಭಾವ ಇದು? ನಾವು ಅಲ್ಲಿ ಬೆಳಕು ಹರಿಯುವ ಮೊದಲು ಎದ್ದು, ಹೆಡ್‌ಲೈಟ್ ಕಟ್ಟಿಕೊಂಡು ಟ್ಯಾಪಿಂಗ್ ಮಾಡುದು. ಹಾಲು ಸೋಸಿ, ಆಸಿಡ್ ಹಾಕಿ, ಶೀಟ್ ಮಾಡಿ, ಹೊಗೆಯಲ್ಲಿ ಒಣಗಿಸಿ ಕಳಿಸುದು. ನೀವು ಇಲ್ಲಿ ಸಿಗ್ನಲಿನಲ್ಲಿ ನಿಂತು ಹೀಗೆ ಹಾಳು ಮಾಡುದಾ?"

ಅದು ಅವರ ಮರದ ರಬ್ಬರೇ ಎಂದು ಹೇಳಲಾಗದಿದ್ದರೂ ಸಿಟ್ಟಿಗೆ ಕಾರಣವಿತ್ತು. ಬಿಸಿ ಮತ್ತು ಎಣ್ಣೆ ಎರಡನ್ನೂ ಸಹಿಸದ ಸ್ವಭಾವ ನೈಸರ್ಗಿಕ ರಬ್ಬರಿನದು. ಆದರೂ ಲಕ್ಷಗಟ್ಟಲೆ ಸಲ ಹಿಗ್ಗಿ ಕುಗ್ಗಿದರೂ ಬೇಗ ಹರಿಯದ ಗುಣಕ್ಕಾಗಿ ಇಂಜಿನ್ ಮೌಂಟಿಂಗಿಗೆ ಇಂದಿಗೂ ಅದೇ ಬೇಕು. ನಮ್ಮ ರಾಜ್ಯದಲ್ಲಿ ರಬ್ಬರ್ ಎಂದರೆ ಮೊದಲು ನೆನಪಾಗುವುದು ಸುಳ್ಯ, ಪುತ್ತೂರು, ಬೆಳ್ತಂಗಡಿ. 1964ರ ಶಾಸ್ತ್ರಿ-ಸಿರಿಮಾವೋ ಒಪ್ಪಂದದ ನಂತರ ಶ್ರೀಲಂಕಾದಿಂದ ಮರಳಿದ ತಮಿಳು ಕುಟುಂಬಗಳಿಗೆ ಕೆಲಸ ಕೊಡಲೆಂದು ಸರ್ಕಾರವೂ ಸುಳ್ಯ, ಪುತ್ತೂರಿನ ಕಡೆ ರಬ್ಬರ್ ಬೆಳೆಸಿತು. ಯಾವ ದೇಶದ ಒಪ್ಪಂದ ಯಾವ ಕಾರಿನ ಇಂಜಿನ್ನಿನ ಅಡಿಗೆ ಬಂದು ಕೂರುತ್ತದೆಯೋ, ಹೇಳಲಾಗದು. ಭಾವನಿಗೆ ಇದಾವುದೂ ಬೇಕಿರಲಿಲ್ಲ. ಹೊಸ ಮೌಂಟಿಂಗಿನ ಬೆಲೆ ಕೇಳಿದರು, ಅದರಲ್ಲಿರುವ ರಬ್ಬರಿನ ತೂಕವನ್ನು ಅಂಗೈಯಲ್ಲಿ ಅಂದಾಜು ಮಾಡಿದರು, ಶೀಟಿಗೆ ತಮಗೆ ಸಿಗುವ ದರದಿಂದ ಗುಣಿಸಿದರು. ಊರಿಗೆ ಮರಳುವವರೆಗೂ ಆ ಲೆಕ್ಕದಿಂದ ಅವರು ಚೇತರಿಸಿಕೊಳ್ಳಲಿಲ್ಲ.

ಕಾರಿನ ಚರಿತ್ರೆಯ ಮೊದಲ ದಶಕಗಳಲ್ಲಿ ಇಂಜಿನ್ನನ್ನು ಸಾಮಾನ್ಯವಾಗಿ ಚಾಸಿಗೆ ನೇರವಾಗಿ ಬೋಲ್ಟು ಹಾಕಿ ಬಿಗಿಯುತ್ತಿದ್ದರು. ಇಂಜಿನ್ನು ನಡುಗಿದರೆ ಜೊತೆಗೆ ಯಜಮಾನನೂ ನಡುಗಬೇಕು. ಅದು ಪ್ರಯಾಣದ ಭಾಗ. 1931ರಲ್ಲಿ ಅಮೆರಿಕದ ಕ್ರೈಸ್ಲರ್ ತನ್ನ ಪ್ಲಿಮತ್ ಕಾರಿನಲ್ಲಿ ಇಂಜಿನ್ನನ್ನು ರಬ್ಬರಿನ ಮೇಲೆ ತೇಲುವಂತೆ ಕೂರಿಸಿ ಅದಕ್ಕೆ 'ಫ್ಲೋಟಿಂಗ್ ಪವರ್' ಎಂದು ಹೆಸರಿಟ್ಟಿತು. ಫ್ರಾನ್ಸಿನ ಸಿಟ್ರೊಯೆನ್ ಅದರ ಹಕ್ಕು ಕೊಂಡು, ತನ್ನ ಕಾರುಗಳ ಮೂತಿಯ ಮೇಲೆ ಈಜುವ ಹಂಸದ ಲಾಂಛನ ಅಂಟಿಸಿತು. ನಮ್ಮ ಹಂಸ ಹಾಲನ್ನೂ ನೀರನ್ನೂ ಬೇರ್ಪಡಿಸಿದರೆ ಅವರ ಹಂಸ ಇಂಜಿನ್ನನ್ನೂ ಯಜಮಾನನನ್ನೂ ಬೇರ್ಪಡಿಸಿತು. ಇಷ್ಟು ಕಷ್ಟಪಟ್ಟು ಬಿಡಿಸಿದ ಜೋಡಿಯನ್ನು ಡ್ಯಾಂಪರ್ ಹಾಕಿ ಮತ್ತೆ ಕೂಡಿಸಲು ಹೊರಟಿದ್ದೇವಲ್ಲ ಎಂಬ ಮಾತು ಆಗಲೇ ನನ್ನ ತಲೆಗೆ ಬಂದಿತ್ತು. ಆದರೆ ಪಾರ್ಸಲ್ಲು ಅಷ್ಟು ಹೊತ್ತಿಗೆ ವಿಮಾನ ಹತ್ತಿತ್ತು.

ಹೊಸ ಮೌಂಟಿಂಗ್ ಬಿದ್ದ ಮೇಲೆ ಕಾರು ಸಭ್ಯವಾಯಿತು. 'ಧಡ್' ಇಲ್ಲ, ಗೇರ್ ರಾಡಿನ ವಾಲಾಟ ಕಾಲು ಭಾಗಕ್ಕಿಳಿಯಿತು. ಹೀಗೆ ಕಾಯಿಲೆ ವಾಸಿಯಾದ ಮೇಲೆ ಔಷಧಿ ಕೊರಿಯರಿನಲ್ಲಿ ಬಂತು. ವಾಪಸು ಕಳಿಸೋಣವೇ ಎಂದು ಕೇಳಿದೆ. ಅಕ್ಕನ ಮಗ ನನ್ನನ್ನು ನೋಡಿದ ನೋಟವನ್ನು ಬರೆಯಲಾರೆ. ಅ‌ಲ್ಲದೆ, ಕಸ್ಟಮ್ಸ್ ಸುಂಕ ಕಟ್ಟಿ ಬಿಡಿಸಿಕೊಂಡ ಸಾಮಾನನ್ನು ಬಳಸದೆ ಇಡುವಷ್ಟು ವೈರಾಗ್ಯ ನಮ್ಮ ವಂಶದಲ್ಲಿ ಯಾರಿಗೂ ಇಲ್ಲ.

ಡ್ಯಾಂಪರ್ ನೋಡಲು ಮುದ್ದಾಗಿತ್ತು. ಗೇಣುದ್ದ, ನೀಲಿ ಬಣ್ಣ, ಎರಡು ತುದಿಗೂ ತಿರುಗುವ ಗುಂಡು ಕೀಲು. ಜೊತೆಗೆ ಬಂದ ಬ್ರಾಕೆಟ್ಟುಗಳು ಮಾತ್ರ ನಮ್ಮ ಕಾರಿಗೆ ಒಗ್ಗುವಂಥವಲ್ಲ. ಇಲ್ಲಿಂದ ರಾಯರ ಆಡಳಿತ ಆರಂಭವಾಯಿತು. ಅವರು ಮಖಮಲ್ಲಿನ ಪೆಟ್ಟಿಗೆಯಿಂದ ವರ್ನಿಯರ್ ಕ್ಯಾಲಿಪರ್ ತೆಗೆದರು. ನಿವೃತ್ತಿಯ ನಂತರ ಅದು ಹೊರಗೆ ಬಂದದ್ದು ಅಪರೂಪ. ಬ್ರಾಕೆಟ್ಟಿನ ಅಚ್ಚು ತೆಗೆಯಲು ದಪ್ಪ ಕಾಗದ ಬೇಕೆಂದರು. ಮನೆಯಲ್ಲಿದ್ದ ದಪ್ಪ ಕಾಗದವೆಂದರೆ ಲಗ್ನಪತ್ರಿಕೆಗಳು. ಭಾವ ಬಂದಿದ್ದ ಆ ಮದುವೆಯ ಪತ್ರಿಕೆಯನ್ನೇ ಕತ್ತರಿಸಿ, ಮಡಚಿ, ಇಂಜಿನ್ನಿನ ಮೇಲಿಟ್ಟು, ಮತ್ತೆ ಕತ್ತರಿಸಿ, ಕೊನೆಗೆ ವಧುವಿನ ಹೆಸರಿರುವ ಭಾಗ ಇಂಜಿನ್ನಿಗೂ ವರನ ಹೆಸರಿರುವ ಭಾಗ ಬಾಡಿಗೂ ಬರುವಂತೆ ಅಚ್ಚು ತಯಾರಾಯಿತು.

ಚರ್ಚೆ ಬಿರುಸಾದದ್ದು ಲೋಹದ ವಿಷಯದಲ್ಲಿ. ಅಕ್ಕನ ಮಗನಿಗೆ ಹೊಳೆಯುವ ಅಲ್ಯೂಮಿನಿಯಂ ಬೇಕು. ರಾಯರು, "ಮೈಲ್ಡ್ ಸ್ಟೀಲ್. ಐದು ಎಂಎಂ" ಎಂದರು, ಅದು ಸಲಹೆಯಾಗಿರಲಿಲ್ಲ, ತೀರ್ಪು. ಪೀಣ್ಯದಲ್ಲಿ ವರ್ಕ್‌ಶಾಪ್ ಇಟ್ಟಿರುವ ಅವರ ಹಳೆಯ ಶಿಷ್ಯರೊಬ್ಬರು ಬ್ರಾಕೆಟ್ ಮಾಡಿಕೊಟ್ಟರು. ದುಡ್ಡು ಮುಟ್ಟಲಿಲ್ಲ, ಲಗ್ನಪತ್ರಿಕೆ ನೋಡಿ, "ಮದುವೆ ಯಾವಾಗ ಸಾರ್?" ಎಂದು ಮಾತ್ರ ಕೇಳಿದರಂತೆ.

ಇಂಜಿನ್ನಿನ ಕಡೆಗೆ, ಕಾರ್ಖಾನೆಯಲ್ಲಿ ಅದನ್ನು ಎತ್ತಲು ಬಳಸುವ ಕೊಕ್ಕೆಯ ಬೋಲ್ಟು. ಬಾಡಿಯ ಕಡೆಗೆ, ಮುಂದಿನ ಶಾಕ್ ಅಬ್ಸಾರ್ಬರ್ ತಲೆಯಿಟ್ಟಿರುವ ಗೂಡಿನ ನಟ್ಟು. ಇಂಜಿನ್ನು ಯಾವ ಗೆರೆಯಲ್ಲಿ ತೂಗುತ್ತದೆಯೋ ಡ್ಯಾಂಪರ್ ಅದೇ ಗೆರೆಯಲ್ಲಿ ಮಲಗಬೇಕು. ಓರೆಯಾದರೆ ತಡೆಯುವ ಶಕ್ತಿ ಅರ್ಧ ಪೋಲು. ತೂಗುವ ಅಕ್ಷದಿಂದ ಎಷ್ಟು ದೂರವಿದ್ದರೆ ಅಷ್ಟು ಒಳ್ಳೆಯದು, ಹಾಗಾಗಿ ಮೇಲ್ಗಡೆಗೇ ಹಾಕಬೇಕು. ಇಂಜಿನ್ನು ತಣ್ಣಗೆ ಸುಮ್ಮನಿರುವಾಗ ಪಿಸ್ಟನ್ ಸರಿಯಾಗಿ ನಡುವೆ ನಿಲ್ಲಬೇಕು. ಆಗಲೇ ಹಿಂದಕ್ಕೂ ಮುಂದಕ್ಕೂ ಸಮನಾಗಿ ಜಾಗ. ಇದನ್ನು ನಾನು ಎರಡು ನಿಮಿಷದಲ್ಲಿ ಬರೆದೆ. ರಾಯರೂ ಅಕ್ಕನ ಮಗನೂ ಆ 'ನಡುವೆ' ಎಲ್ಲಿದೆ ಎಂದು ಒಪ್ಪಿಕೊಳ್ಳುವಷ್ಟರಲ್ಲಿ ಬೀದಿಯ ನೆರಳು ಈ ಕಡೆಯಿಂದ ಆ ಕಡೆಗೆ ಹೋಗಿತ್ತು. ಇಸ್ತ್ರಿ ಗಾಡಿಯವನು ಇಣುಕಿ, "ಇದು ಹಾಕಿದ್ರೆ ಮೈಲೇಜ್ ಬರುತ್ತಾ ಸಾರ್?" ಎಂದು ಕೇಳಿದ. ಬರುವುದಿಲ್ಲ ಎಂದರು ರಾಯರು. "ಮತ್ತೆ ಪಿಕಪ್?" ಅದೂ ಇಲ್ಲ. ಅವನು ಬಟ್ಟೆಯ ಗಂಟು ಎತ್ತಿಕೊಂಡು ಮರುಮಾತಿಲ್ಲದೆ ಹೊರಟ.

ಇನ್ನೊಂದು ತೊಡಕು ಉಳಿದಿತ್ತು. ಬಾನೆಟ್ ಮುಚ್ಚಿದರೆ ಡ್ಯಾಂಪರಿಗೆ ತಗಲುತ್ತದೆಯೇ? ಮುಚ್ಚಿದ ಮೇಲೆ ಕಾಣುವುದಿಲ್ಲ, ಕಾಣುವಂತೆ ತೆರೆದರೆ ಮುಚ್ಚಿದಂತಾಗುವುದಿಲ್ಲ. ಮೆತ್ತನೆಯ ಜೇಡಿಮಣ್ಣಿನ ಉಂಡೆಯೊಂದನ್ನು ಮೇಲಿಟ್ಟು ಬಾನೆಟ್ ಮುಚ್ಚಿ ತೆರೆದು, ಉಳಿದ ದಪ್ಪ ಅಳೆಯಬೇಕೆಂದರು ರಾಯರು. ಜೇಡಿಮಣ್ಣು ಎಲ್ಲಿಂದ ತರುವುದು? ನಾನು ಅಡುಗೆಮನೆಗೆ ಹೋದೆ.

"ಚಪಾತಿ ಹಿಟ್ಟು ಎಂತದಕ್ಕೆ?"

"ಬಾನೆಟ್ಟಿಗೆ."

ಅವಳು ನಿಂಬೆಗಾತ್ರದ ಉಂಡೆ ಕೊಟ್ಟು, ಕೈಯಲ್ಲಿ ಲಟ್ಟಣಿಗೆ ಹಿಡಿದೇ ಹಿಂದೆ ಬಂದಳು. ಉಂಡೆ ಇಟ್ಟು, ಬಾನೆಟ್ ಮುಚ್ಚಿ, ತೆರೆದೆವು. ಹಿಟ್ಟು ಬಿಲ್ಲೆಯಾಗಿತ್ತು. ರಾಯರು ಕನ್ನಡಕ ಏರಿಸಿಕೊಂಡು, ಉಸಿರು ಬಿಗಿಹಿಡಿದು, ಹಿಟ್ಟಿಗೆ ವರ್ನಿಯರ್ ಹಿಡಿದು ಓದಿದರು: "ಹನ್ನೆರಡು ಪಾಯಿಂಟ್ ನಾಲ್ಕು." "ನಮ್ಮಲ್ಲಿ ಇಷ್ಟು ದಪ್ಪ ಲಟ್ಟಿಸಿದರೆ ಬೇಯುದಿಲ್ಲ" ಎಂದಳು ನನ್ನ ಹೆಂಡತಿ. ಇಂಜಿನ್ನು ಓಡುವಾಗ ಮೇಲೆಯೂ ಒಂದಿಷ್ಟು ನೆಗೆಯುತ್ತದೆ, ಹನ್ನೆರಡು ಸಾಕು ಎಂದು ತೀರ್ಮಾನವಾಯಿತು. ಬಿಲ್ಲೆ ಬೀದಿಯ ಹಸುವಿಗೆ ಹೋಯಿತು.

ರಾಮಾಂಜನೇಯ ಗುಡ್ಡದ ಸುತ್ತಿನ ಏರಿಳಿತಗಳು ಪರೀಕ್ಷೆಗೆ ಹೇಳಿ ಮಾಡಿಸಿದವು. ಮುಂದೆ ಅಕ್ಕನ ಮಗ ಮತ್ತು ರಾಯರು, ಹಿಂದೆ ನಾವಿಬ್ಬರು. ಒಪ್ಪಿಕೊಳ್ಳಬೇಕಾದ ಮಾತು ಒಪ್ಪಿಕೊಳ್ಳಬೇಕು: ಫಲ ಕಂಡಿತು. ಏರಿನಲ್ಲಿ ಕ್ಲಚ್ ಬಿಟ್ಟಾಗ ಕಾರು ಅಳುಕದೆ ಹೊರಟಿತು. ಎರಡನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿ ಬಿಟ್ಟು, ಒತ್ತಿ ಬಿಟ್ಟು ಮಾಡಿದರೂ ಗೇರ್ ರಾಡು ಕದಲಲಿಲ್ಲ. ನಮ್ಮ ಊರಿನ ಟ್ರಾಫಿಕ್ಕಿನಲ್ಲಿ ಒತ್ತುವುದು, ಬಿಡುವುದು ಬಿಟ್ಟರೆ ಬೇರೆ ಡ್ರೈವಿಂಗ್ ಇಲ್ಲವಾದ್ದರಿಂದ ಇದು ಸಣ್ಣ ಸುಖವಲ್ಲ. ಅಕ್ಕನ ಮಗ ಕನ್ನಡಿಯಲ್ಲಿ ನನ್ನನ್ನು ನೋಡಿ ನಗುತ್ತಿದ್ದ.

ಗುಡ್ಡ ಇಳಿದು ಮೊದಲ ಸಿಗ್ನಲಿನಲ್ಲಿ ನಿಂತೆವು. ಆಗ ಗೊಂಯ್ ಎಂಬ ಸದ್ದೊಂದು ಶುರುವಾಯಿತು. ಸ್ಟೀರಿಂಗ್ ಜುಮ್ಮೆನ್ನುತ್ತಿತ್ತು, ಗ್ಲೌ ಬಾಕ್ಸಿನಲ್ಲಿದ್ದ ಚಿಲ್ಲರೆ ತಾಳ ಹಾಕತೊಡಗಿತು, ರಾಯರ ಕನ್ನಡಕ ಮೂಗಿನ ತುದಿಗೆ ಬಂತು. ಡ್ಯಾಶ್‌ಬೋರ್ಡಿನ ನಾಯಿ, ದಾರಿಯುದ್ದಕ್ಕೂ ಒಂದು ಸಲವೂ ತಲೆಯಾಡಿಸದಿದ್ದ ನಾಯಿ, ಈಗ ನಿಂತ ಕಾರಿನಲ್ಲಿ ಮೂತಿಯಿಂದ ಬಾಲದವರೆಗೆ ಥರಥರ ನಡುಗುತ್ತಿತ್ತು.

ಲೆಕ್ಕ ಸರಳ. ನಾಲ್ಕು ಸಿಲಿಂಡರಿನ ಇಂಜಿನ್ನು ನಿಂತಲ್ಲಿ ನಿಮಿಷಕ್ಕೆ 800 ಸುತ್ತು ತಿರುಗಿದರೆ 1600 ಸಲ ಉರಿ ಹೊಡೆಯುತ್ತದೆ. ಸೆಕೆಂಡಿಗೆ ಸುಮಾರು 27 ಗುದ್ದು. ಮೊದಲು ಅದನ್ನೆಲ್ಲ ಮೌಂಟಿಂಗಿನ ರಬ್ಬರು ನುಂಗುತ್ತಿತ್ತು. ಈಗ ಡ್ಯಾಂಪರಿನ ಮೂಲಕ ಬಾಡಿಗೆ ಇನ್ನೊಂದು ಸೇತುವೆ ಸಿಕ್ಕಿದೆ, ಗುದ್ದುಗಳಲ್ಲಿ ಒಂದು ಪಾಲು ಅದರ ಮೇಲೆ ನಡೆದು ಒಳಗೆ ಬರುತ್ತಿದೆ. ನಡುಕ ಎಲ್ಲಿಗೂ ಹೋಗಿರಲಿಲ್ಲ. ಬಾನೆಟ್ಟಿನ ಕೆಳಗಿದ್ದದ್ದು ಸೀಟಿಗೆ, ಓಡುವ ಹೊತ್ತಿನದು ನಿಂತ ಹೊತ್ತಿಗೆ ವರ್ಗವಾಗಿತ್ತು. ಒಂದೇ ರಬ್ಬರು ದೊಡ್ಡ ತೂಗಾಟಕ್ಕೆ ಗಟ್ಟಿಯಾಗಿಯೂ ಸಣ್ಣ ನಡುಕಕ್ಕೆ ಮೆತ್ತಗೂ ಇರಬೇಕೆಂಬ ಬೇಡಿಕೆಯನ್ನು ಕಾರು ಕಂಪನಿಗಳು ಬಹಳ ಕಾಲದಿಂದ ತೂಗಿ ನೋಡುತ್ತಲೇ ಬಂದಿವೆ. ಅದಕ್ಕಾಗಿಯೇ ಮೌಂಟಿಂಗಿನ ಹೊಟ್ಟೆಯೊಳಗೇ ದ್ರವ ತುಂಬಿ, ಕಿರಿದಾದ ಕಾಲುವೆ ಕೊರೆದು, ಎರಡನ್ನೂ ಅಲ್ಲೇ ನಿಭಾಯಿಸುವ ಉಪಾಯ ಹುಡುಕಿದರು. ಇಂಥ ಮೌಂಟಿಂಗು ಈಗ ಅನೇಕ ಕಾರುಗಳಲ್ಲಿದೆ.

"ಇದು ಫೀಡ್‌ಬ್ಯಾಕ್ ಮಾಮ. ರೇಸ್ ಕಾರುಗಳಲ್ಲಿ ಹೀಗೇ ಇರುತ್ತೆ" ಎಂದ ಅಕ್ಕನ ಮಗ.

"ರೇಸ್ ಕಾರು ಸಿಗ್ನಲಿನಲ್ಲಿ ನಿಲ್ಲುದಿಲ್ಲ" ಎಂದಳು ನನ್ನ ಹೆಂಡತಿ.

ಮನೆಗೆ ಬಂದ ಮೇಲೆ ರಾಯರು ಕೀಲನ್ನು ಸಡಿಲಿಸಿ ನೋಡಿದರು. ಬೋಲ್ಟು ಬಿಗಿಯುವಾಗ ಡ್ಯಾಂಪರ್ ಒಂದಿಷ್ಟು ಎಳೆದು ಕೂತಿತ್ತು. ಹಾಗೆ ಮೊದಲೇ ಹೊರೆ ಹೊತ್ತು ನಿಂತರೆ ನಡುಕ ಹೆಚ್ಚು ದಾಟುತ್ತದೆ. ಉದ್ದವನ್ನು ಅರ್ಧ ಮರೆಯಷ್ಟು ಸರಿಪಡಿಸಿ, ಬೋಲ್ಟು ಕೈಯಲ್ಲೇ ತೂರುವಂತೆ ಮಾಡಿ ಮತ್ತೆ ಬಿಗಿದರು. ಗೊಂಯ್ ಅರ್ಧಕ್ಕಿಳಿಯಿತು. ಚಿಲ್ಲರೆಯನ್ನು ನಾನು ಜೇಬಿಗೆ ಹಾಕಿಕೊಂಡೆ. ನನ್ನ ಅಭಿಪ್ರಾಯ ಕೇಳುವುದಾದರೆ, ಜೋರಾಗಿ ಎಳೆದು ಬಿಡುವ, ಹೆಚ್ಚು ಬಲದ ಇಂಜಿನ್ನಿನ ಕಾರಿಗೆ ಇದರಿಂದ ಉಪಯೋಗವಿದೆ. ಮೌಂಟಿಂಗ್ ಗಟ್ಟಿಯಾಗಿರುವ, ತರಕಾರಿ ತರುವ ಕಾರಿಗೆ ಇದು ಆಭರಣ. ಅದೂ ಎಂಥ ಆಭರಣ! ಬಾನೆಟ್ ಎತ್ತದೆ ಯಾರಿಗೂ ಕಾಣದು. ಹಾಗಾಗಿ ಮನೆಗೆ ಬಂದವರಿಗೆಲ್ಲ ಕಾಫಿಯ ನಂತರ ಬಾನೆಟ್ ಎತ್ತಿ ತೋರಿಸುವ ಪದ್ಧತಿ ಬಂತು. ನೋಡಿದವರೆಲ್ಲ ತಪ್ಪದೆ ಕೇಳುತ್ತಿದ್ದದ್ದು ಮೈಲೇಜಿನ ವಿಷಯ.

ಹೀಗೆ ನಡೆಯುತ್ತಿರಲು ಕಾರು ಮಾಮೂಲಿ ಸರ್ವಿಸಿಗೆ ಹೋಗಿ ಬಂತು. ತೊಳೆದು, ಸೆಂಟು ಹೊಡೆದು ಕಳಿಸಿದ್ದರು. ಅಂದು ಸಂಜೆ ಗಾಂಧಿಬಜಾರಿಗೆ ಹೊರಟಾಗ, ಎರಡನೇ ಗೇರು ಬೀಳುವ ಹೊತ್ತಿಗೆ ಸರಿಯಾಗಿ ನನ್ನ ಹೆಂಡತಿ, "ಹೂವಿನ ಅಂಗಡಿಯವಳಿಗೆ ನೀವು ಕಳೆದ ಸಲ ಜಾಸ್ತಿ ಕೊಟ್ಟದ್ದು ಹೌದಲ್ವಾ?" ಎಂದಳು. ನಾಯಿ ತಲೆಯಾಡಿಸಿತು. ಹೊಸ ಮೌಂಟಿಂಗಿನ ಕಾರಣ ಹಿಂದಿನಷ್ಟು ಜೋರಾಗಿ ಅಲ್ಲ, ಅರ್ಧ ಒಪ್ಪಿಗೆ. ಅವಳಿಗೆ ಅಷ್ಟು ಸಾಕಾಗಿತ್ತು. "ನಿಲ್ಲಿಸಿ, ಬಾನೆಟ್ ನೋಡಿ" ಎಂದಳು. ಎತ್ತಿ ನೋಡಿದರೆ ಡ್ಯಾಂಪರ್ ಇಲ್ಲ! ಅದು ಹಿಂದಿನ ಸೀಟಿನ ಕೆಳಗೆ ಪ್ಲಾಸ್ಟಿಕ್ ಕವರಿನಲ್ಲಿ, ರಾಯರ ಐದು ಎಂಎಂ ಬ್ರಾಕೆಟ್ಟುಗಳ ಸಮೇತ ಮಲಗಿತ್ತು. ಕಂಪನಿಯದಲ್ಲದ ಭಾಗವೊಂದು ಸಿಕ್ಕಿದ್ದರಿಂದ ತೆಗೆಯಲಾಗಿದೆ ಎಂದು ಬಿಲ್ಲಿನಲ್ಲಿ ಬರೆದಿದ್ದರು. ತೆಗೆದ ಕೂಲಿಯನ್ನೂ ಸೇರಿಸಿದ್ದರು.

ಮತ್ತೆ ಹಾಕಲು ಅಕ್ಕನ ಮಗ ಓಡಿ ಬಂದನಾದರೂ ಅಷ್ಟರಲ್ಲಿ ಅದು ಸುಳ್ಯ ಸೇರಿತ್ತು. ಮುಂದಿನ ಸಲ ಬಂದ ಭಾವ ಕವರಿನೊಳಗೆ ಇಣುಕಿ, ರಾಡನ್ನು ಮೆಲ್ಲಗೆ ಎಳೆದು, ಆಮೇಲೆ ಜೋರಾಗಿ ಎಳೆದು, "ಇದು ನಿಮಗೆ ಬೇಡ ಅಲ್ವಾ ಭಾವ?" ಎಂದು ಚೀಲಕ್ಕೆ ಹಾಕಿಕೊಂಡಿದ್ದರು. ಅವರ ತೋಟದಲ್ಲಿ ರಬ್ಬರ್ ಶೀಟು ಒಣಗಿಸುವ ಹೊಗೆಮನೆಗೆ ಭಾರದ ಬಾಗಿಲೊಂದಿದೆ. ಮಳೆಗಾಳಿಗೆ ಧಡಾರನೆ ಬಡಿದು ಕೀಲು ಕಿತ್ತುಬರುತ್ತಿತ್ತಂತೆ. ಡ್ಯಾಂಪರನ್ನು ಹೊರಗಡೆಯಿಂದ ಬಾಗಿಲಿಗೂ ದಾರಂದಕ್ಕೂ ಜೋಡಿಸಿದರು. ಈಗ ಕೈಯಲ್ಲಿ ತಳ್ಳಿದರೆ ಮುಚ್ಚುತ್ತದೆ, ಗಾಳಿ ಬಂದು ತಳ್ಳಿದರೆ ಮುಚ್ಚುವುದಿಲ್ಲ. ಫೋಟೊ ಕಳಿಸಿದ್ದರು.

ಅಕ್ಕನ ಮಗ ಫೋಟೊವನ್ನು ಬೆರಳಿನಿಂದ ಹಿಗ್ಗಿಸಿ ನೋಡಿದ. "ಮಾಮ, ಆಂಗಲ್ ತಪ್ಪು. ಬಾಗಿಲು ಮುಚ್ಚಿದಾಗ ರಾಡು ಪೂರ್ತಿ ಒಳಗೆ ಹೋಗಿಬಿಟ್ಟಿದೆ, ಸೀಲ್ ಹೋಗುತ್ತೆ" ಎಂದ. ಫೋನಿನಲ್ಲಿ ಭಾವನಿಗೆ ಹೇಳಿದೆ. "ಬಾಗಿಲು ಬಡಿಯುದಿಲ್ಲ ಅಲ್ವಾ ಮಾರಾಯ್ರೆ, ಮತ್ತೆ ಎಂತ ಬೇಕು?" ಎಂದರು. ಅಷ್ಟರಲ್ಲಿ ರಾಯರು ಗೇಟು ದಾಟಿ ಬಂದು ನನ್ನ ಕೈಯಿಂದ ಫೋನು ತೆಗೆದುಕೊಂಡರು.

"ಬಾಗಿಲಿನ ಕೀಲಿಗೂ ನಮ್ಮ ಬ್ರಾಕೆಟ್ಟಿಗೂ ಎಷ್ಟು ದೂರ ಇದೆ? ಟೇಪಿನಲ್ಲಿ ಅಳೀಬೇಡಿ, ಸರಿ ಬರಲ್ಲ. ನಾವೇ ಬರ್ತೀವಿ" ಎಂದು ಹೇಳಿ, ನನ್ನ ಕಡೆ ತಿರುಗಿ, "ಭಾನುವಾರ ನಿಮ್ಮ ಕಾರು ಖಾಲಿ ತಾನೆ? ವರ್ನಿಯರ್ ನಾನು ತರ್ತೀನಿ" ಎಂದರು.